ಎರೆನಾಡಿನಲ್ಲಿ ತಲೆಯೆರೆಯುವ ಪದ್ಧತಿ

ವಿಜಾಪುರ ಸೀಮೆಯ ಆಡುಮಾತಿನಲ್ಲಿ ‘ಎರೆ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ದಿನನಿತ್ಯವೂ ಬಳಕೆಯಲ್ಲಿದೆ. ಹೊಲದ ಮಾತು ಬಂದಾಗ ಎರೆಯೆಂದರೆ ಕರಿಯ ಮಣ್ಣು. ಬಚ್ಚಲಿನ ಮಾತು ಬಂದಾಗ ಎರೆಯುವುದೆಂದರೆ ನೀರು ಹೊಯ್ಯುವುದು. ಹೆಂಗಸರು ತಲೆಗೆ ಸ್ನಾನ ಮಾಡಿದರೆಂಬುದನ್ನು ಅಲ್ಲಿ ‘ತಲೆ ಎರೆದುಕೊಂಡರು’ ಎಂದೇ ಹೇಳುವರು. ಬಾಣಂತಿಗೂ ಕೂಸಿಗೂ ನೀರೆರೆಯುವುದು ಹಿರಿಯ ಹೆಂಗಸರ ಒಂದು ವಿದ್ಯೆಯೆಂದೇ ಗಣ್ಯವಾಗಿದೆ. ಈ ಎರಡನೆಯ ಅರ್ಥದ ಶಬ್ದವು ಹಳಗನ್ನಡದಲ್ಲಿ ಶಕಟರೇಫವುಳ್ಳ ‘ಎಱೆ’. ದಾನವನ್ನು ಧಾರೆಯೆರೆಯುವುದೆಂಬಲ್ಲಿ ಇರುವುದೂ ಇದೇ. ಱಕಾರವು ಬಳಕೆಯಿಂದ ಅಳಿದ ಮೇಲೆ ಎರಡು ಬೇರೆ ಶಬ್ದಗಳು ಕಿವಿಗೆ ಒಂದಾದುವೇ ಹೊರತು ಅವುಗಳಿಗೆ ಹುಟ್ಟಿನ ಸಂಬಂಧವಿಲ್ಲ. ಆದರೆ ಶಬ್ದಸಂಬಂಧವಿಲ್ಲದಿದ್ದರೂ ವಸ್ತುಸಂಬಂಧವುಂಟು. ಎರೆನೆಲದ ನೀರಿನ ಗುಣವೇ ಆ ನಾಡಿನ ತಲೆಯೆರೆಯುವ ಕ್ರಮವನ್ನು ರೂಪಿಸಿತೆಂಬುದೂ, ಒಣಗಿ ಒರಟಾದ ದಟ್ಟ ಕೂದಲನ್ನು ಮೆದುಗೊಳಿಸುವುದು ಅಲ್ಲಿ ಬರಿಯ ಅಲಂಕಾರದ ಮಾತಾಗಿರಲಿಲ್ಲವೆಂಬುದೂ ವಿಚಾರಾರ್ಹವಾದ ಸಂಗತಿಗಳು. ಆ ಆರೈಕೆ ತಪ್ಪಿದ ಕೆಲವು ತಲೆಗಳ ಮೇಲೆ ಸಮಾಜವು ಎಂತಹ ಬರಹವನ್ನು ಓದಿತೆಂಬುದು ಮುಂದೆ ತಿಳಿದುಬರುವುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ೧೯೫೬ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ನಾಲ್ಕು ಹಳೆಯ ತಾಲೂಕುಗಳು. ಜಿಲ್ಲೆಯ ಹೆಸರು ೨೦೧೪ರಲ್ಲಿ ವಿಜಯಪುರವೆಂದಾಯಿತು. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮೊದಲಾದುವು ಈಚೆಗೆ ಬೇರೆ ತಾಲೂಕುಗಳಾಗಿ ಒಡೆದಿವೆ. ಇಲ್ಲಿ ಹಳೆಯ ಎಲ್ಲೆಗಳನ್ನೇ ಇಟ್ಟುಕೊಂಡಿದೆ. ಇಂಡಿ ಸಿಂದಗಿಗಳ ಉತ್ತರಕ್ಕೆ ಭೀಮೆ, ಬಾಗೇವಾಡಿ ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ. ನಡುವೆ ಡೋಣಿ. ಎರಡು ಮಹಾನದಿಗಳ ನಡುವಣ ನಾಡೆಂದೊಡನೆ ನೀರಿಗೆ ಕೊರತೆಯಿಲ್ಲದ ನಾಡೆಂದು ಹೊರಗಿನವರು ಭಾವಿಸಬಹುದು. ಆದರೆ ನದಿಗಳು ಅಂಚಿನಲ್ಲಿ ಹರಿಯುವುವು, ಊರುಗಳು ಬಯಲಿನಲ್ಲಿರುವುವು. ಮಳೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು, ಅದೂ ನಂಬಿಕೆಗೆ ಯೋಗ್ಯವಲ್ಲ. ಡೋಣಿಯ ಕಣಿವೆ ಜೋಳಕ್ಕೆ ಹೆಸರಾದುದು. ಆದರೆ ಆ ಹೊಳೆಯ ನೀರು ಉಪ್ಪುಪ್ಪಾದುದೆಂಬುದನ್ನು ೧೮೮೪ರಲ್ಲಿ ಪ್ರಕಟವಾದ ವಿಜಾಪುರ ಜಿಲ್ಲೆಯ ಗ್ಯಾಸೆಟಿಯರು ಗುರುತಿಸಿದೆ. ಬಾವಿಗಳ ನೀರು ಕರಿಕಲ್ಲಿನ ಬಿರುಕುಗಳಲ್ಲಿ ನಿಂತು ಬಂದುದು. ತಾಳಿಕೋಟಿಯ ಕಡೆಗೆ ಸುಣ್ಣಕಲ್ಲಿನ ಪದರಗಳೂ ಉಂಟು. ಆದಕಾರಣ ಆ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯದ ಲವಣಗಳು ಹೆಚ್ಚು. ರಸಾಯನಶಾಸ್ತ್ರವು ಇದನ್ನು ಗಡಸು ನೀರೆನ್ನುತ್ತದೆ; ಅಡಿಗೆಮನೆಯಲ್ಲಿ ಇದಕ್ಕೆ ‘ಬೇಳೆ ಬೇಯದ ನೀರು’ ಎಂದು ಹೆಸರು. ಊರಿಗೆ ಒಂದೋ ಎರಡೋ ಇರುವ ಸಿಹಿನೀರಿನ ಬಾವಿಯು ಕುಡಿಯುವುದಕ್ಕೂ ಬೇಳೆಗೂ ಮೀಸಲು. ಬಚ್ಚಲಿಗೆ ಬರುವುದು ಸವಳು ನೀರೇ.

ಇಂತಹ ನೀರು ಕೂದಲಿಗೆ ಮಾಡುವುದೇನೆಂಬುದನ್ನು ಸ್ವಲ್ಪ ವಿವರಿಸದೆ ಮುಂದಿನ ಮಾತು ತಿಳಿಯಲಾರದು. ಕೂದಲಿನ ಎಳೆಯೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಹೊಪ್ಪಳಿಕೆಗಳು ಕಾಣುವುವು. ಅವುಗಳ ಮೇಲೆ ಹುಟ್ಟಿನಿಂದಲೇ ಬಂದ ತೆಳ್ಳನೆಯ ಜಿಡ್ಡಿನ ಪದರವೊಂದಿರುತ್ತದೆ. ಹೊಪ್ಪಳಿಕೆಗಳು ಮಲಗಿದ್ದರೆ ಕೂದಲು ನುಣ್ಣಗೆ ಜಾರುತ್ತದೆ, ಹೊಳೆಯುತ್ತದೆ. ಅವು ನಿಮಿರಿ ನಿಂತರೆ ಎಳೆಗೆ ಎಳೆ ಕಚ್ಚಿಕೊಂಡು ಸಿಕ್ಕಾಗುತ್ತದೆ. ಕ್ಷಾರವು ಅವನ್ನು ನಿಮಿರಿಸುತ್ತದೆ, ಹುಳಿಯು ಮಲಗಿಸುತ್ತದೆ. ಸಾಬೂನು ಕ್ಷಾರಗುಣದ ವಸ್ತು. ಅಷ್ಟೇ ಅಲ್ಲದೆ ಗಡಸು ನೀರಿನಲ್ಲಿ ಅದು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಅಂಟುಕೆನೆಯಾಗಿ ಕೂದಲಿಗೆ ಹತ್ತಿಕೊಳ್ಳುತ್ತದೆ. ನೊರೆ ಬಾರದು, ಬಂದ ಕೆನೆ ಹೋಗದು. ಒಣಹವೆಯ ನಾಡಿನಲ್ಲಿ, ಮೊದಲೇ ಬಿಸಿಲಿಗೆ ಒಣಗಿದ ಕೂದಲಿನ ಮೇಲೆ, ಈ ಎರಡು ಕೇಡುಗಳೂ ಒಟ್ಟಿಗೆ ಎರಗುವುವು.

ಸಾಬೂನು ಬರುವುದಕ್ಕೆ ಮೊದಲು ಆ ನಾಡಿನವರು ಕಂಡುಕೊಂಡಿದ್ದ ಮಾರ್ಗವು ಈ ನೀರಿನೊಡನೆ ಜಗಳವಾಡದೆ ತೊಳೆಯುವ ಮಾರ್ಗವಾಗಿತ್ತು. ಸೀಗೆಕಾಯಿಯಲ್ಲಿಯೂ ಅಂಟುವಾಳದಲ್ಲಿಯೂ ನೊರೆ ಬರಿಸುವ ವಸ್ತುವು ಸಾಬೂನಿನ ಜಾತಿಯದಲ್ಲ. ಅದನ್ನು ಸಪೋನಿನ್ ಎನ್ನುವರು. ಸುಣ್ಣದ ಲವಣಗಳೊಡನೆ ಅದು ಕೆನೆಗಟ್ಟುವುದಿಲ್ಲ, ಆದುದರಿಂದ ಬೇಳೆ ಬೇಯದ ನೀರಿನಲ್ಲಿಯೂ ತನ್ನ ಕೆಲಸವನ್ನು ತಾನು ಮಾಡುತ್ತದೆ. ಸೀಗೆಯ ರಸವು ತುಸು ಹುಳಿಯೂ ಹೌದು. ಜಿಡ್ಡನ್ನು ಪೂರ್ತಿಯಾಗಿ ಕಿತ್ತುಹಾಕದೆ ಮೇಲಿನದನ್ನು ಮಾತ್ರ ಒಯ್ಯುವುದು ಅದರ ಇನ್ನೊಂದು ಗುಣ. ಸೀಗೆಯ ಬಳ್ಳಿಗೆ ಬೇಕಾದುದು ಸಹ್ಯಾದ್ರಿಯ ಕಡೆಯ ತೇವದ ಕಾಡು, ಈ ಬಯಲಲ್ಲ. ಎಂದರೆ ಅದು ಸಂತೆಯಲ್ಲಿ ಹಣ ಕೊಟ್ಟು ತರಬೇಕಾದ ಸರಕು. ಅಂಟುವಾಳದ ಮರವಾದರೋ ಒಣನಾಡನ್ನೂ ತಾಳುವುದು. ಅದರ ಕಾಯಿಯ ಸಿಪ್ಪೆಯನ್ನು ನೆನೆಸಿದರೆ ನೊರೆ ಧಾರಾಳ, ಆದರೆ ಕಣ್ಣಿಗೆ ಬಿದ್ದರೆ ಉರಿ, ಕೂದಲಿಗೂ ಸೀಗೆಗಿಂತ ಒರಟು. ಉಳ್ಳವರ ಮನೆಗೆ ಸೀಗೆ, ಇಲ್ಲದವರಿಗೆ ಅಂಟುವಾಳ, ಅದೂ ಇಲ್ಲದಿದ್ದರೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು: ಇಂತಹ ಒಂದು ತಾರತಮ್ಯವು ಬಚ್ಚಲಿನಲ್ಲಿಯೂ ಇರುವುದು ಸಹಜವೇ.

ತೊಳೆಯುವುದಕ್ಕೆ ಮೊದಲು ಎಣ್ಣೆ. ಈ ಸೀಮೆಯ ಹೊಲಗಳಲ್ಲಿ ಬಿಳಿಜೋಳದ ಜೊತೆಗೆ ಕುಸುಬಿಯೂ ಅಗಸಿಯೂ ಬೆಳೆಯುವುವು. ಔಡಲವೂ ಎಳ್ಳೂ ಉಂಟು. ತಲೆಗೆ ಔಡಲೆಣ್ಣೆಯು ತಂಪೆಂದು ಹೆಸರಾಗಿದೆ, ಕೂಸುಗಳ ನೆತ್ತಿಗೆ ಹಾಕುವುದೂ ಅದನ್ನೇ. ಕೊಬ್ಬರಿ ಎಣ್ಣೆಯು ತೆಂಗಿನ ನಾಡಿನಿಂದ ಬರಬೇಕು. ಇವುಗಳ ಕೆಲಸ ಒಂದೇ ಬಗೆಯದಲ್ಲವೆಂದು ಈಗ ತಿಳಿದಿದೆ. ೨೦೦೩ರಲ್ಲಿ ಮುಂಬಯಿಯ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲಗಳನ್ನು ಹೋಲಿಸಿ, ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಆಗುವ ಸಾರನಷ್ಟವನ್ನು ತಡೆಯುವುದು ಕೊಬ್ಬರಿ ಎಣ್ಣೆಯೊಂದೇ ಎಂದು ತೋರಿಸಿದರು. ಕುಸುಬಿಯ ಎಣ್ಣೆಯ ಘಟನೆಯು ಸೂರ್ಯಕಾಂತಿಯದನ್ನು ಬಹುಮಟ್ಟಿಗೆ ಹೋಲುವುದು. ಆದುದರಿಂದ ಅದು ಒಳಗಿಳಿಯದೆ ಹೊರಗಿನಿಂದ ಸವರಿದಂತೆ ನಿಲ್ಲುವುದೆಂದು ಊಹಿಸಬಹುದು. ಹಾಗಿದ್ದರೂ ಹೊರಗೆ ನಿಂತ ಎಣ್ಣೆಯು ನಿರರ್ಥಕವಲ್ಲ. ಎಳೆಗಳ ತಿಕ್ಕಾಟವನ್ನು ಅದು ಕಡಿಮೆಮಾಡುತ್ತದೆ, ಒರಟು ಅಂಟುವಾಳದ ಹೊಡೆತವನ್ನು ತಾನು ತಾಳಿಕೊಳ್ಳುತ್ತದೆ.

ತೊಳೆದ ಮೇಲೆ, ಅಥವಾ ತೊಳೆಯುವುದರ ಜೊತೆಗೆ, ಮೆದುಗೊಳಿಸುವ ವಸ್ತುಗಳು. ರಾತ್ರಿ ನೆನೆಯಿಟ್ಟು ಅರೆದ ಮೆಂತ್ಯೆ, ಲೋಳಸರದ ತಿರುಳು, ದಾಸವಾಳದ ಎಲೆ: ಇವೆಲ್ಲವುಗಳಲ್ಲಿಯೂ ಇರುವುದು ಲೋಳೆ. ಆ ಲೋಳೆಯು ಒಣಗುವಾಗ ಪ್ರತಿಯೊಂದು ಎಳೆಯ ಮೇಲೆಯೂ ತೆಳ್ಳನೆಯ ಪೊರೆಯಾಗಿ ನಿಂತು ಹಣಿಗೆಯನ್ನು ಸರಾಗವಾಗಿ ಜಾರಗೊಡಿಸುತ್ತದೆ. ಅನಂತರ ಹುಳಿ: ಮಜ್ಜಿಗೆ, ನಿಂಬೆರಸ. ಇಂಡಿಯ ನಿಂಬೆಯು ಈಗ ಭೌಗೋಳಿಕ ಗುರುತನ್ನು ಪಡೆದು ಹೊರದೇಶಗಳವರೆಗೂ ಹೋಗುವ ಸರಕಾಗಿದೆ. ಬಚ್ಚಲಿನಲ್ಲಿ ಅದರ ಸೇವೆ ಒಂದು ಹೋಳಿನಷ್ಟೇ, ಆದರೆ ಸುಣ್ಣದ ನೀರು ಬಿಟ್ಟುಹೋದ ಒರಟುತನವನ್ನು ಆ ಹೋಳಿನ ಹುಳಿ ಕಳೆಯಬಲ್ಲುದು. ಎಣ್ಣೆ, ಸೀಗೆ, ಲೋಳೆ, ಹುಳಿ ಎಂಬ ಈ ಕ್ರಮವನ್ನು ಯಾರೊಬ್ಬರೂ ಗ್ರಂಥದಲ್ಲಿ ಓದಿ ನಡೆಸಿದುದಲ್ಲ. ತಾಯಿಯ ಕೈಯಿಂದ ಮಗಳ ತಲೆಗೆ ಇಳಿದುಬಂದುದು.

ಗ್ರಂಥಗಳಲ್ಲಿ ಇದರ ಮಾತಿಲ್ಲವೆಂದು ಹೇಳಿದಂತಾಗಬಾರದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯದಲ್ಲಿ ತಲೆಗೆ ಎಣ್ಣೆಯೊತ್ತುವುದರ ಫಲಗಳನ್ನು ಹೇಳುವಾಗ ಕೂದಲಿನ ಮೃದುತ್ವವನ್ನು ನೀಳತೆ, ದಟ್ಟತನ, ಹೊಳಪು, ಕಪ್ಪುಗಳೊಡನೆ ಎಣಿಸಿದೆ. ಅಷ್ಟಾಂಗಹೃದಯದ ದಿನಚರ್ಯಾಧ್ಯಾಯವು ಮೈಗೆ ಬಿಸಿನೀರು ಬಲವನ್ನು ಕೊಡುವುದೆಂದೂ ತಲೆಗೆ ಹೊಯ್ದರೆ ಅದೇ ನೀರು ಕೂದಲಿಗೂ ಕಣ್ಣಿಗೂ ಕೇಡೆಂದೂ ಎಚ್ಚರಿಸುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯ ಗಂಧಯುಕ್ತಿಯ ಪ್ರಕರಣವು ಕೂದಲಿಗೆ ಬಣ್ಣ ಹಾಕುವ ವಿಧಾನದಿಂದಲೇ ಮೊದಲಾಗುತ್ತದೆ, ಅದರಲ್ಲಿ ಹುಳಿಗೂ ನೆಲ್ಲಿಗೂ ಮುಖ್ಯವಾದ ಸ್ಥಾನವುಂಟು. ಕನ್ನಡದಲ್ಲಿ ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ೧೦೨೫ರಲ್ಲಿ ರಚಿಸಿದ ಲೋಕೋಪಕಾರವು ನೆಲದೊಳಗಣ ನೀರನ್ನು ಕಂಡುಹಿಡಿಯುವ ಬಗೆಯನ್ನೂ ಸುಗಂಧದ್ರವ್ಯಗಳನ್ನೂ ಒಂದೇ ಗ್ರಂಥದಲ್ಲಿ ಹೇಳುತ್ತದೆ. ಬಾವಿಗೂ ಬಚ್ಚಲಿಗೂ ಇರುವ ಸಂಬಂಧವನ್ನು ಬಲ್ಲ ನಾಡಿನ ಗ್ರಂಥಕ್ಕೆ ಇದು ತಕ್ಕುದೇ. ಅದೇ ವಂಶದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಮೂರನೆಯ ವಿಂಶತಿಯಲ್ಲಿ ಸ್ನಾನಭೋಗವೆಂಬ ಪ್ರಕರಣವೇ ಇದ್ದು, ಹೂಗಳ ಪರಿಮಳವನ್ನು ಹಿಡಿಸಿದ ಎಳ್ಳೆಣ್ಣೆಯಿಂದ ಅರಸನಿಗೆ ಅಭ್ಯಂಗವನ್ನು ಮಾಡಿಸುವ ಕ್ರಮವು ವಿಸ್ತಾರವಾಗಿ ಬಂದಿದೆ. ಭೀಮೆಯ ದಡದ ತರ್ದವಾಡಿಯ ಸಾಸಿರನಾಡು ಆ ಚಾಲುಕ್ಯರ ಆಳ್ವಿಕೆಗೇ ಸೇರಿತ್ತು. ಮುಂದೆ ಆದಿಲಶಾಹಿಯಲ್ಲಿ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ ‘ಇತ್ರ್-ಎ-ನೌರಸ್‌ಶಾಹೀ’ ಎಂಬ ಪಾರಸಿ ಗಂಧಶಾಸ್ತ್ರವು ಹುಟ್ಟಿತು.

ಆದರೆ ಇವೆಲ್ಲ ಅರಮನೆಯ ಬಚ್ಚಲಿನ ಮಾತು. ಅರಸನ ಅಭ್ಯಂಗದ ವರ್ಣನೆಯಿಂದ ಒಕ್ಕಲಿಗಿತ್ತಿಯ ತಲೆಯ ಸ್ಥಿತಿಯನ್ನು ಊಹಿಸುವುದು ಸಲ್ಲದು. ಅದಕ್ಕಿಂತ ಶಾಸನಗಳ ಒಣಮಾತು ಹೆಚ್ಚು ಉಪಯೋಗಕ್ಕೆ ಬರುವುದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಗಾಣಿಗರ ಸಂಘವು ದೇವರ ದೀಪಕ್ಕೆ ಎಣ್ಣೆಯನ್ನು ಬಿಟ್ಟ ಉಲ್ಲೇಖಗಳು ಬರುತ್ತವೆ. ಇಂತಿಷ್ಟು ಎಣ್ಣೆಯೆಂದು ಅಳೆದು ಕಲ್ಲಿನಲ್ಲಿ ಕೊರೆಯಿಸುವಷ್ಟು ಅದು ಬೆಲೆಯುಳ್ಳ ವಸ್ತುವಾಗಿತ್ತು. ದೇವರ ದೀಪಕ್ಕೂ ದತ್ತಿ ಬೇಕಾದ ನಾಡಿನಲ್ಲಿ ಬಡವರ ತಲೆಗೆ ಎಣ್ಣೆ ಎಷ್ಟು ದೊರೆತೀತು? ಬಿಸಿನೀರಿನ ಮಾತೂ ಹಾಗೆಯೇ. ಕಾಡಿಲ್ಲದ ಬಯಲುಸೀಮೆಯಲ್ಲಿ ಹಂಡೆಯ ಕೆಳಗೆ ಉರಿಯುವುದು ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಕುಳ್ಳು. ಮಂಗಳವಾರ ಶುಕ್ರವಾರಗಳ ತಲೆಸ್ನಾನವು ವ್ರತದಂತೆ ನಡೆಯುತ್ತಿದ್ದುದು ಹಂಡೆ, ಉರುವಲು, ಬಿಡುವು, ಬಾವಿಯ ಹಕ್ಕು ಎಲ್ಲವೂ ಇದ್ದ ಮನೆಗಳಲ್ಲಿ. ನೀರು ತುಂಬುವ ಹಬ್ಬದ ಮರುದಿನ, ನರಕಚತುರ್ದಶಿಯ ಬೆಳಗ್ಗೆ, ಎಲ್ಲರಿಗೂ ಎಣ್ಣೆನೀರು ಆಗಬೇಕೆಂಬ ಕಟ್ಟಳೆಯು ಒಂದು ಬಗೆಯಲ್ಲಿ ಉಳಿದ ದಿನಗಳ ಕೊರತೆಗೇ ಸಾಕ್ಷಿ.

ಇಲ್ಲಿ ಸಿಂದಗಿಯ ಹಳೆಯ ತಾಲೂಕಿಗೆ ಸೇರಿದ ದೇವರ ಹಿಪ್ಪರಗಿಯನ್ನು ನೆನೆಯುವುದು ಅಪ್ರಸ್ತುತವಾಗದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಸಮಕಾಲೀನನಾದ ಮಡಿವಾಳ ಮಾಚಿದೇವನು ಆ ಊರಿನವನು. ಅಗಸರ ಕಸುಬಿನ ಮುಖ್ಯದ್ರವ್ಯವು ಸವಳು ಮಣ್ಣು, ಎಂದರೆ ನೆಲದ ಮೇಲೆ ಬೆಳ್ಳಗೆ ಏಳುವ ಕ್ಷಾರ. ಡೋಣಿಯ ನಾಡು ಅದಕ್ಕೆ ಬಡದಲ್ಲ. ಹತ್ತಿಯ ಬಟ್ಟೆಯು ಕ್ಷಾರವನ್ನು ತಾಳುತ್ತದೆ. ಕೂದಲೂ ಉಣ್ಣೆಯೂ ತಾಳಲಾರವು. ಬಟ್ಟೆಗೆ ಸವಳು, ತಲೆಗೆ ಸೀಗೆ ಎಂದು ಎರಡನ್ನೂ ಬೇರೆಬೇರೆಯಾಗಿ ಇಟ್ಟುದು ಹಳೆಯ ಬಳಕೆಯ ಜಾಣ್ಮೆ. ಸಾಬೂನು ಬಂದಾಗ ಅಳಿಸಿಹೋದುದು ಈ ಭೇದವೇ. ಒಂದೇ ಬಿಲ್ಲೆಯಿಂದ ಅಂಗಿಯನ್ನೂ ಮೈಯನ್ನೂ ತಲೆಯನ್ನೂ ತೊಳೆಯುವ ಅನುಕೂಲವು ದೊರೆಯಿತು, ಆ ಅನುಕೂಲದ ವೆಚ್ಚವನ್ನು ಕೂದಲು ಹೊತ್ತಿತು.

ಸಾಬೂನಿನ ಪ್ರಸಾರದ ಕಥೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ೧೮೮೮ರಲ್ಲಿ ವಿಲಾಯತಿಯ ಸನ್‌ಲೈಟ್ ಸಾಬೂನು ಕಲಕತ್ತೆಯ ಬಂದರಿನಲ್ಲಿ ಇಳಿಯಿತು. ೧೯೧೮ರ ವೇಳೆಗೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯ ಗಂಧದ ಸಾಬೂನು ಹೊರಬಂದಿತು. ಗಮನಿಸಬೇಕಾದುದು ‘ಶಾಂಪೂ’ ಎಂಬ ಶಬ್ದದ ಪ್ರಯಾಣ. ಹಿಂದಿಯ ‘ಚಾಂಪನಾ’ ಎಂದರೆ ಒತ್ತುವುದು, ತಿಕ್ಕುವುದು. ಪಟ್ಣಾದಲ್ಲಿ ೧೭೫೯ರಲ್ಲಿ ಹುಟ್ಟಿದ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಈ ಹೆಸರಿನ ಮರ್ದನವನ್ನು ಅಲ್ಲಿಯ ಅರಸರವರೆಗೂ ಮುಟ್ಟಿಸಿದನು. ಆಗ ಶಬ್ದದ ಅರ್ಥವು ಅಂಗಮರ್ದನವೇ ಹೊರತು ಕೂದಲು ತೊಳೆಯುವುದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ತಲೆಯ ತೊಳೆತಕ್ಕೆ ಸರಿಯಿತು. ೧೯೩೦ರ ದಶಕದಲ್ಲಿ ಗಡಸು ನೀರಿನಲ್ಲಿಯೂ ಕೆನೆಗಟ್ಟದ ಕೃತಕ ಮಾರ್ಜಕಗಳಿಂದ ಮಾಡಿದ ದ್ರವಕ್ಕೆ ಹೆಸರಾಗಿ ನಿಂತಿತು. ಎಣ್ಣೆಯ ತಿಕ್ಕಾಟವೆಂಬ ಅರ್ಥವನ್ನು ಹೊತ್ತು ಹೋದ ಶಬ್ದವು ಎಣ್ಣೆಯನ್ನು ತೆಗೆಯುವ ವಸ್ತುವಿನ ಹೆಸರಾಗಿ ಮರಳಿತು! ೧೯೮೦ರ ದಶಕದಿಂದೀಚೆಗೆ ಸಣ್ಣ ಚೀಟುಗಳಲ್ಲಿ ತುಂಬಿ ಮಾರುವ ಪದ್ಧತಿಯು ತಮಿಳುನಾಡಿನಲ್ಲಿ ಬಲಗೊಂಡು ದೇಶದ ಹಳ್ಳಿಯಂಗಡಿಗಳಿಗೆಲ್ಲ ಹಬ್ಬಿತು. ಸೀಗೆಯ ಒಂದು ಸೇರಿಗೆ ಹಣವನ್ನು ಒಟ್ಟಿಗೆ ತೆರಲಾರದವಳೂ ಒಂದು ಚೀಟನ್ನು ಕೊಳ್ಳಬಲ್ಲವಳಾದಳು.

ಕೃತಕ ಮಾರ್ಜಕವು ಸುಣ್ಣದ ಕೆನೆಯ ಕಾಟವನ್ನು ಕಳೆಯಿತು, ಆದರೆ ಜಿಡ್ಡನ್ನು ಸೀಗೆಗಿಂತ ಬಹಳ ಹೆಚ್ಚಾಗಿ ಕಿತ್ತಿತು. ಆಗ ಅದರ ಹಿಂದೆಯೇ ಮೆದುಗೊಳಿಸುವ ಇನ್ನೊಂದು ಲೇಪವು ಬರಬೇಕಾಯಿತು. ಕಂಡಿಷನರ್ ಎಂದು ಕರೆಯುವುದು ಇದನ್ನೇ. ಇದರ ಮುಖ್ಯದ್ರವ್ಯವು ಧನವಿದ್ಯುದಂಶವುಳ್ಳ ಒಂದು ಬಗೆಯ ಅಮೋನಿಯಮ್ ಸಂಯುಕ್ತ. ತೊಳೆದ ಕೂದಲಿನ ಮೇಲ್ಮೈಯಲ್ಲಿರುವುದು ಋಣವಿದ್ಯುದಂಶ. ಎರಡೂ ಒಂದನ್ನೊಂದು ಸೆಳೆಯುವುದರಿಂದ ಲೇಪವು ನೀರಿನಲ್ಲಿ ಜಾಲಿಸಿದರೂ ಪೂರ್ತಿ ಹೋಗದೆ ಎಳೆಯ ಮೇಲೆ ತೆಳ್ಳಗೆ ನಿಲ್ಲುತ್ತದೆ. ಕೂದಲು ಎಷ್ಟು ಕೆಟ್ಟಿರುವುದೋ ಅಷ್ಟು ಹೆಚ್ಚಾಗಿ ಹಿಡಿಯುತ್ತದೆ. ಜೊತೆಗೆ ಕೊಬ್ಬಿನ ಮದ್ಯಸಾರಗಳನ್ನೂ ತುಸು ಹುಳಿಯನ್ನೂ ಸೇರಿಸಿರುತ್ತಾರೆ. ಲೋಳೆಯ ಪೊರೆ, ಎಣ್ಣೆಯ ಜಾರು, ಹುಳಿಯ ಹಿಡಿತ, ಈ ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿದಂತೆ. ಇದು ಹಳೆಯ ಕ್ರಮದ ನಕಲೆಂದು ಹೆಮ್ಮೆಪಡುವುದಕ್ಕೆ ಕಾರಣವಿಲ್ಲ, ವಿದ್ಯುದಂಶದ ಉಪಾಯವು ಹೊಸದೇ. ಹಾಗೆಯೇ ಹಳೆಯದನ್ನು ಅಜ್ಞಾನವೆನ್ನುವುದಕ್ಕೂ ಕಾರಣವಿಲ್ಲ. ಎರಡೂ ಉತ್ತರ ಕೊಟ್ಟುದು ಒಂದೇ ಪ್ರಶ್ನೆಗೆ.

ಆ ಪ್ರಶ್ನೆಗೆ ಉತ್ತರವೇ ದೊರೆಯದ ತಲೆಗಳ ಕಥೆ ಬೇರೆ. ಕರ್ಣಾಟಕದ ದಕ್ಷಿಣಭಾಗದಲ್ಲಿ ಜಡೆಯೆಂದರೆ ಹೆಣೆದ ಕೂದಲು. ವಿಜಾಪುರ, ಬೆಳಗಾವಿ, ಧಾರವಾಡಗಳ ಕಡೆಗೆ ಹೆಣೆದುದಕ್ಕೆ ಹೆರಳೆಂದು ಹೆಸರು. ಜಡೆಯೆಂದರೆ, ಆಡುಮಾತಿನಲ್ಲಿ ಜಡಿಯೆಂದರೆ, ತಾನಾಗಿ ಗಂಟುಬಿದ್ದು ಹಗ್ಗದಂತಾದ ಕೂದಲು. ಸಂಸ್ಕೃತದ ‘ಜಟಾ’ ಶಬ್ದದ ಮೂಲಾರ್ಥಕ್ಕೆ ಹತ್ತಿರವಾಗಿ ಉಳಿದಿರುವುದು ಉತ್ತರದ ಬಳಕೆಯೇ. ತಪಸ್ವಿಯು ತಾನಾಗಿ ಬಿಟ್ಟ ಜಟೆಗೂ ಈ ಜಡೆಗೂ ಹೋಲಿಕೆಯು ಕಣ್ಣಿಗೆ ಮಾತ್ರ. ಹೆಣ್ಣುಮಗಳೊಬ್ಬಳ ತಲೆಯಲ್ಲಿ ಜಡೆ ಕಾಣಿಸಿಕೊಂಡರೆ ಅದು ಸವದತ್ತಿಯ ಎಲ್ಲಮ್ಮನ ಕರೆಯೆಂಬ ನಂಬಿಕೆಯು ಈ ಸೀಮೆಯಲ್ಲೆಲ್ಲ ಆಳವಾಗಿ ಬೇರೂರಿತ್ತು. ಅದನ್ನು ಬಾಚಬಾರದು, ಕತ್ತರಿಸಬಾರದು. ಭಂಡಾರವನ್ನು ಹಚ್ಚಿ ಪೂಜಿಸಬೇಕು. ಬಹುಮಟ್ಟಿಗೆ ದಲಿತ ಮನೆತನಗಳ ಹುಡುಗಿಯರು, ಹಲವು ವೇಳೆ ಮೈನೆರೆಯುವುದಕ್ಕೂ ಮೊದಲೇ, ಇದೇ ಕಾರಣದಿಂದ ದೇವಿಗೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದರು. ಬಡತನ, ಗಂಡುಮಕ್ಕಳಿಲ್ಲದ ಮನೆಯ ಚಿಂತೆ, ರೋಗದ ಹರಕೆ ಮುಂತಾದ ಬೇರೆ ಕಾರಣಗಳೂ ಇದ್ದುವು. ಜಡೆಯು ಅವುಗಳಲ್ಲಿ ಕಣ್ಣಿಗೆ ಕಾಣುವಂತಹ, ಎದುರುಮಾತಿಗೆ ಎಡೆಗೊಡದ ಕಾರಣವಾಗಿತ್ತು.

ಜಡೆಯು ಹುಟ್ಟುವ ಬಗೆಯಲ್ಲಿ ರಹಸ್ಯವೇನೂ ಇಲ್ಲ. ದಟ್ಟವಾದ, ಉದ್ದವಾದ, ಒಣಗಿದ ಕೂದಲು, ಎಣ್ಣೆಯಿಲ್ಲ, ಸವಳು ನೀರು ಅಥವಾ ನೀರೇ ಇಲ್ಲ, ಧೂಳಿನಲ್ಲಿ ದಿನವಿಡೀ ಕೂಲಿ, ಬಾಚಿಕೊಳ್ಳುವುದಕ್ಕೆ ಬಿಡುವಿಲ್ಲ. ನಿಮಿರಿದ ಹೊಪ್ಪಳಿಕೆಗಳು ಒಂದಕ್ಕೊಂದು ತೊಡರಿಕೊಳ್ಳುವುವು, ಮೊದಲು ಸಣ್ಣ ಸಿಕ್ಕು, ವಾರಗಳಲ್ಲಿ ಗಂಟು, ತಿಂಗಳುಗಳಲ್ಲಿ ಹಗ್ಗ. ಒಮ್ಮೆ ಗಂಟಾದ ಮೇಲೆ ಬಾಚಬಾರದೆಂಬ ವಿಧಿಯೇ ಅದನ್ನು ಬೆಳೆಸುವುದು. ಹೇನು, ತಲೆಯ ಹುಣ್ಣುಗಳು ಸೇರಿದರೆ ಇನ್ನೂ ಬೇಗ. ಒರಟಾದ ಮಾರ್ಜಕದಿಂದ ತಲೆಯನ್ನು ಗಸಗಸನೆ ತಿಕ್ಕಿ ತೊಳೆದ ಒಂದೇ ಸ್ನಾನದಲ್ಲಿ ಕೂದಲು ಬಿಡಿಸಲಾರದಂತೆ ಗಂಟಾದ ಪ್ರಸಂಗಗಳೂ ವೈದ್ಯರ ವರದಿಗಳಲ್ಲಿ ಉಂಟು. ಆದುದರಿಂದ ಕೊಳೆಯೊಂದೇ ಕಾರಣವೆಂದು ಆ ಹೆಂಗಸರನ್ನು ಹಳಿಯುವುದು ಅನ್ಯಾಯ. ಸಿಹಿನೀರಿನ ಬಾವಿಯಿಂದ ದೂರವಿರಿಸಲ್ಪಟ್ಟ ಕೇರಿಯಲ್ಲಿ ಹುಟ್ಟಿದವಳಿಗೆ, ಕೂದಲಿಗೆ ಎಣ್ಣೆಯಿಡುವುದೋ ಒಗ್ಗರಣೆಗೆ ಇಡುವುದೋ ಎಂದು ಆರಿಸಬೇಕಾದವಳಿಗೆ, ಶುಚಿಯ ಉಪದೇಶವು ಅರ್ಧಸತ್ಯ.

ಈ ನಂಬಿಕೆಯು ಹಿಂದೂದೇಶಕ್ಕೆ ಮಾತ್ರ ಸೇರಿದುದೆಂದು ತಿಳಿಯುವುದೂ ತಪ್ಪು. ಯುರೋಪಿನ ಪೋಲೆಂಡ್ ದೇಶದಲ್ಲಿ ಇದೇ ಬಗೆಯ ಗಂಟುಗೂದಲಿಗೆ ‘ಕೊಲ್ಟುನ್’ ಎಂದು ಹೆಸರು. ಅದು ಮೈಯೊಳಗಿನ ರೋಗವು ಹೊರಗೆ ಬಂದ ಗುರುತು, ಕತ್ತರಿಸಿದರೆ ಕುರುಡೋ ಹುಚ್ಚೋ ತಪ್ಪದು ಎಂದು ಅಲ್ಲಿಯ ಹಳ್ಳಿಗರು ನಂಬಿದ್ದರು. ವೈದ್ಯರೂ ಬಹುಕಾಲ ಅದಕ್ಕೆ ಲ್ಯಾಟಿನಿನಲ್ಲಿ ‘ಪ್ಲಿಕಾ ಪೊಲೋನಿಕಾ’ ಎಂದು ರೋಗದ ಹೆಸರನ್ನೇ ಕೊಟ್ಟಿದ್ದರು. ಕ್ರಾಕೋವಿನ ವೈದ್ಯನೂ ಮುಂದೆ ಆ ನಗರದ ಅಧ್ಯಕ್ಷನೂ ಆದ ಯೂಜೆಫ್ ಡಿಯೆಟ್ಲ್ ಎಂಬವನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದು ರೋಗವೇ ಅಲ್ಲ, ಆರೈಕೆ ತಪ್ಪಿದ ಕೂದಲು ಮಾತ್ರ ಎಂದು ಸಾಧಿಸಿ ಅದರ ವಿರುದ್ಧ ಪ್ರಚಾರವನ್ನು ನಡೆಸಿದನು. ಪೋಲೆಂಡಿನಲ್ಲಿ ಜಡೆಯು ರೋಗದ ಗುರುತಾಯಿತು, ಕೃಷ್ಣಾತೀರದಲ್ಲಿ ದೇವಿಯ ಗುರುತಾಯಿತು. ಆದರೆ ಅಲ್ಲಿ ಅದರಿಂದ ಯಾವ ಹುಡುಗಿಯ ಮದುವೆಯೂ ನಿಲ್ಲಬೇಕೆಂಬ ಕಟ್ಟಳೆಯಿರಲಿಲ್ಲ. ಈ ವ್ಯತ್ಯಾಸವು ಸಣ್ಣದಲ್ಲ.

ವಿಜಾಪುರ ಜಿಲ್ಲೆಗೆ ಅನ್ವಯಿಸಿದ ಮೊದಲ ಕಾನೂನು ೧೯೩೪ರ ಮುಂಬಯಿ ದೇವದಾಸಿ ಸಂರಕ್ಷಣ ಕಾಯಿದೆ. ಕರ್ಣಾಟಕ ರಾಜ್ಯದ ದೇವದಾಸಿ ಸಮರ್ಪಣ ನಿಷೇಧದ ಕಾಯಿದೆಯು ೧೯೮೨ರದು, ಜಾರಿಗೆ ಬಂದುದು ೧೯೮೪ರಲ್ಲಿ. ಸಮರ್ಪಣೆಯನ್ನು ಅಪರಾಧವೆಂದು ವಿಧಿಸಬಹುದು, ಜಡೆಯನ್ನು ಅಪರಾಧವೆಂದು ವಿಧಿಸುವುದಕ್ಕೆ ಯಾವ ಶಾಸನಸಭೆಯಿಂದಲೂ ಆಗದು. ಆದುದರಿಂದ ಕಾನೂನಿನ ಕೈ ಮುಟ್ಟದ ಎಡೆಯಲ್ಲಿ ಕೆಲಸ ಮಾಡಬೇಕಾದವರು ಊರೂರು ತಿರುಗುವ ಕಾರ್ಯಕರ್ತೆಯರು. ಬೆಳಗಾವಿಯ ಕಡೆ ಅವರಲ್ಲಿ ಹಲವರು ಒಂದು ಕಾಲಕ್ಕೆ ತಾವೇ ದೇವದಾಸಿಯರಾಗಿದ್ದವರು. ನೆರೆಯ ಮಹಾರಾಷ್ಟ್ರದಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯು ಜಟೆ ತೆಗೆಯುವ ಕೆಲಸವನ್ನು ಒಂದು ಚಳವಳಿಯಾಗಿಯೇ ನಡೆಸಿತು. ಲೂಸಿಂಡಾ ರಾಂಬರ್ಗ್ ಎಂಬ ಅಮೆರಿಕದ ವಿದ್ವಾಂಸೆಯು ೨೦೧೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಜಡೆಯನ್ನು ಕುರಿತು ಭಕ್ತರ ಮತ್ತು ಸುಧಾರಕರ ನಡುವೆ ನಡೆದಿರುವ ವಾದವನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾಳೆ. ಜಡೆಯನ್ನು ಬರಿಯ ಕೊಳೆಯೆನ್ನುವ ಮಾತು ಅದನ್ನು ಹೊತ್ತವರಿಗೆ ಅವಮಾನವಾಗಿ ಕೇಳುವುದೆಂಬುದನ್ನು ಸುಧಾರಣೆಯ ಪಕ್ಷದವರು ಗಮನಿಸತಕ್ಕದ್ದು. ಜಡೆಯಿಂದ ಆಕೆಗೆ ಕೇಡಾಯಿತೆಂಬುದು ನಿಜ, ಅದೇ ಜಡೆಯಿಂದ ಊರಿನಲ್ಲಿ ಆಕೆಗೊಂದು ಗೌರವವೂ ಒದಗಿತ್ತೆಂಬುದು ಅಷ್ಟೇ ನಿಜ.

ಹೊಸದಾಗಿ ಕಟ್ಟಿಕೊಂಡ ಜಡೆಗೆ ಕತ್ತರಿಯೇ ಬೇಕೆಂಬುದಿಲ್ಲ. ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ನೆನೆಯಬಿಟ್ಟು, ಮೆದುಗೊಳಿಸುವ ಲೇಪದಿಂದ ಜಾರು ಬರಿಸಿ, ಹೆಣಿಗೆಯ ಸೂಜಿಯಂತಹ ಮೊನೆಯಿಂದ ತುದಿಯ ಕಡೆಯಿಂದ ಬುಡದ ಕಡೆಗೆ ಎಳೆಎಳೆಯಾಗಿ ಬಿಡಿಸಿದರೆ ಹಲವು ಗಂಟೆಗಳ, ಕೆಲವೊಮ್ಮೆ ಹಲವು ದಿನಗಳ ಕೆಲಸದಲ್ಲಿ ಕೂದಲು ಉಳಿಯುವುದುಂಟು. ಅನೇಕ ವರ್ಷಗಳದಾಗಿ ಗಟ್ಟಿಯಾದುದನ್ನು ಮಾತ್ರ ಬುಡದಲ್ಲಿ ಕತ್ತರಿಸಲೇಬೇಕು. ಜಡೆಯನ್ನು ಕೊಯ್ದರೆ ರಕ್ತ ಸುರಿಯುವುದೆಂಬ ಭಯವು ಈ ಸೀಮೆಯಲ್ಲಿ ಪ್ರಬಲವಾಗಿದೆ. ಚರ್ಮದಿಂದ ಹೊರಬಂದ ಕೂದಲಿನಲ್ಲಿ ರಕ್ತನಾಳವಿಲ್ಲ. ಆದುದರಿಂದ ಕತ್ತರಿಸುವವರು ಮೊದಲು ತಮ್ಮ ತಲೆಯ ಒಂದೆರಡು ಎಳೆಗಳನ್ನು ಎಲ್ಲರ ಎದುರಿಗೆ ಕತ್ತರಿಸಿ ತೋರಿಸಿದರೆ ಭಯವು ಅರ್ಧ ಇಳಿಯುವುದು. ಕತ್ತರಿಸಿದ ಬಳಿಕ ನೆತ್ತಿಗೆ ಎಣ್ಣೆಯೊತ್ತಿ, ಉಗುರುಬೆಚ್ಚಗಿನ ನೀರಿನಿಂದ ತಲೆಯನ್ನು ಎರೆಯಬೇಕಾಗುವುದು. ಬಹುಕಾಲ ನೀರು ಕಾಣದ ಚರ್ಮವಾದುದರಿಂದ ಮೊದಲ ಕೆಲವು ಸಲ ಅಂಟುವಾಳವೂ ಬೇಡ, ಸಾಬೂನೂ ಬೇಡ.